ಕರಿಕಲ್ಲಿನ ಮೇಲೆ ಸುಣ್ಣದ ಗೆರೆ

ಮೇಡಂ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು ನೀರು. ಬಾಯಾರಿಕೆಗಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಹೊರಳಾಡಿಸಿ, ಕಣ್ಣು ಮುಚ್ಚಿ, ಆಮೇಲೆ ನುಂಗುತ್ತಿದ್ದರು. ಮನೆಯವರು ಕಾಫಿಗೆ ಹಾಲಿಟ್ಟುಕೊಂಡು ಕಾಯುತ್ತಿದ್ದರೆ ಇವರು "ಇದು ಬೋರಿನ ನೀರು, ಅದೂ ಬಹಳ ಆಳದ್ದು" ಎಂದು ತೀರ್ಪು ಕೊಡುತ್ತಿದ್ದರು. ಮೊಳಕಾಲ್ಮೂರಿನ ನಮ್ಮ ಮನೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನವೂ ಹಾಗೇ ಮಾಡಿದರು. ಆದರೆ ಅವತ್ತು ತೀರ್ಪು ಕೊಡಲಿಲ್ಲ. ಇನ್ನೊಂದು ಗುಟುಕು ಕುಡಿದರು.

"ಈ ನೀರು ಎಲ್ಲಿಂದ ತಂದಿದ್ದಮ್ಮಾ?" ಎಂದು ಕೇಳಿದರು.

"ಹಳ್ಳದ್ದು" ಎಂದಳು ನಮ್ಮಮ್ಮ.

"ಈ ಬಿಸಿಲಲ್ಲಿ ಹಳ್ಳ ಹರೀತಿದೆಯಾ?"

ಅಮ್ಮ ತಲೆಯಾಡಿಸಿದ್ದೇ ತಡ, ಬಾಡಿಗೆ ಎಷ್ಟು, ಬಚ್ಚಲು ಎಲ್ಲಿ ಎಂಬ ಮಾತೇ ಇಲ್ಲದೆ ಚಪ್ಪಲಿ ಮೆಟ್ಟಿಕೊಂಡು ನಿಂತರು. ನೆತ್ತಿ ಸುಡುವ ಬಿಸಿಲು. ಅಮ್ಮ ನನ್ನ ಕಡೆ ನೋಡಿ, ದಾರಿ ತೋರಿಸಿ ಬಾ ಎಂದು ಕಣ್ಣಲ್ಲೇ ಹೇಳಿದಳು. ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಆ ದಿನದಿಂದ ಮೇಡಂ ಹಿಂದೆ ತಿರುಗುವುದೇ ಕೆಲಸವಾಯಿತು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ನಿವೃತ್ತಿಯಾದ ಮೇಲೆ ತಂಗಿಯ ಮನೆಯಲ್ಲಿದ್ದರು. ಫೋನ್ ಮಾಡಿದ್ದೂ ಆ ತಂಗಿಯೇ. "ನಿಮ್ಮೂರಿನ ಮಾತು ಆಡ್ತಾನೇ ಇರಲಿಲ್ಲಮ್ಮ, ಕೇಳಿದರೂ ಎದ್ದು ಒಳಗೆ ಹೋಗ್ತಿದ್ದಳು" ಎಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಅವರ ಕಚೇರಿ ಇದ್ದುದು ಚಳ್ಳಕೆರೆಯಲ್ಲಿ. ಅಂತರ್ಜಲ ನೋಡುವ ಭೂವಿಜ್ಞಾನಿ. ಚಳ್ಳಕೆರೆಯಲ್ಲಿ ಬೇಕಾದಷ್ಟು ಮನೆಗಳಿರುವಾಗ ಮೊಳಕಾಲ್ಮೂರಿನಲ್ಲಿ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುವ ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದು ಕಚೇರಿಯವರು ನಗುತ್ತಿದ್ದರಂತೆ. ನಮ್ಮ ಬೀದಿಯವರೂ ಕಡಿಮೆಯೇನಲ್ಲ. ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಶೂ, ಹೆಗಲಲ್ಲಿ ತರಕಾರಿ ಚೀಲ, ಚೀಲದಲ್ಲಿ ಸುತ್ತಿಗೆ. ದಾರಿಯಲ್ಲಿ ಕಂಡ ಕಲ್ಲನ್ನು ಒಡೆದು, ಒಡೆದ ಮುಖಕ್ಕೆ ನಾಲಿಗೆ ತಾಗಿಸಿ ನೋಡುತ್ತಿದ್ದರು. ಒದ್ದೆಯಾದರೆ ಕಲ್ಲಿನ ಬಣ್ಣ ಸರಿಯಾಗಿ ಕಾಣುತ್ತದಂತೆ. "ರಾಯಿನಿ ನಾಕುತಾರಂಟ!" ಎಂದು, ಕಲ್ಲು ನೆಕ್ಕುವ ಮೇಡಮ್ಮಿನ ಸುದ್ದಿಯನ್ನು ನಮ್ಮ ನಾಯನ ಬೀದಿಗೆಲ್ಲ ಹಂಚಿ ಬಂದಿದ್ದ. ನಾಯನ ಎಂದರೆ ನಮ್ಮಪ್ಪ. ನಮ್ಮದು ತೆಲುಗು ಮನೆಮಾತು.

ಮದುವೆ ಯಾಕಾಗಲಿಲ್ಲ ಎಂದು ನಮ್ಮಮ್ಮ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. ಮೇಡಂ ಮುದ್ದೆ ಮುರಿಯುತ್ತ, "ಕಲ್ಲಾದ್ರೆ ಒಡೆದು ಒಳಗೇನಿದೆ ಅಂತ ನೋಡಬಹುದು ಕಣಮ್ಮ. ಗಂಡಸರನ್ನ ಹಂಗೆ ನೋಡೋಕೆ ಕಾನೂನು ಬಿಡಲ್ಲ" ಎಂದರು. ಅಮ್ಮ ನಕ್ಕು ನಕ್ಕು ಸಾರಿನ ಸೌಟು ಕೆಳಗೆ ಬೀಳಿಸಿದಳು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ನಾವು ಬಣ್ಣದವರು. ಮೊಳಕಾಲ್ಮೂರಿನ ಸೀರೆ ಎಂದರೆ ಜನಕ್ಕೆ ಮಗ್ಗ ನೆನಪಾಗುತ್ತದೆ, ಬಣ್ಣದ ಒಲೆ ಯಾರಿಗೂ ನೆನಪಾಗುವುದಿಲ್ಲ. ಹಸಿ ರೇಷ್ಮೆಗೆ ಒಂದು ಅಂಟು ಇರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿ ಆ ಅಂಟು ಬಿಡಿಸಬೇಕು, ಆಮೇಲೆ ಬಣ್ಣದ ಹಂಡೆಗೆ ಇಳಿಸಬೇಕು, ಆಮೇಲೆ ಹರಿಯುವ ನೀರಿನಲ್ಲಿ ಜಾಲಿಸಬೇಕು. ಇಷ್ಟಕ್ಕೂ ಮೆದು ನೀರು ಬೇಕು. ಬೋರಿನ ನೀರಿನಲ್ಲಿ ಸೋಪು ನೊರೆಯನ್ನೇ ಕೊಡುವುದಿಲ್ಲ. ಅಂಟು ಅಲ್ಲಲ್ಲಿ ಉಳಿದು, ಬಣ್ಣ ತೊನ್ನು ಹತ್ತಿದ ಹಾಗೆ ಕಲೆ ಕಲೆಯಾಗಿ ಕೂರುತ್ತದೆ. ಹಾಗಾಗಿ ನಮ್ಮ ಕಸುಬು ನಿಂತಿದ್ದೇ ಆ ಹಳ್ಳದ ಮೇಲೆ. ಊರಿನಿಂದ ಒಂದಷ್ಟು ದೂರ, ರಸ್ತೆಯ ಸೇತುವೆಗೆ ಸ್ವಲ್ಪ ಮೇಲಕ್ಕೆ, ಒಂದು ಮಡು. ಸುತ್ತಲ ಹಳ್ಳಗಳೆಲ್ಲ ಶಿವರಾತ್ರಿಗೇ ಮರಳಾದರೂ ಇದೊಂದು ಯುಗಾದಿ ದಾಟಿ ಮುಂಗಾರಿನವರೆಗೂ ಸಣ್ಣಗೆ ಹರಿಯುತ್ತಿತ್ತು. ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಗಂಗಮ್ಮನ ದಯೆ ಎಂದು ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಇಟ್ಟು ಬರುತ್ತಿದ್ದೆವು.

ಮೇಡಂ ಕೇಳಿದರು. ಕೇಳುತ್ತಲೇ ಇದ್ದರು. ಭಾನುವಾರ ಬೆಳಿಗ್ಗೆ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಹಳ್ಳದೊಳಗೇ ನಡೆಯುತ್ತಿದ್ದರು. ಹಿಂದೆ ನಾನು. "ಇಲ್ಲಿ ಕಾಲಿಡು. ತಣ್ಣಗಿದೆಯಾ? ಈಗ ಇಲ್ಲಿ. ಇಲ್ಲಿ ಬೆಚ್ಚಗಿದೆ ಅಲ್ವಾ? ತಣ್ಣಗಿರೋ ಕಡೆ ಕೆಳಗಿಂದ ಒಳನೀರು ಬರ್ತಿದೆ" ಎನ್ನುತ್ತಿದ್ದರು. ಕೊನೆಗೆ ಒಂದು ದಿನ ಹಳ್ಳಕ್ಕೆ ಅಡ್ಡಲಾಗಿ ಬಿದ್ದಿದ್ದ ಕರಿಕಲ್ಲಿನ ಪಟ್ಟಿಯ ಮೇಲೆ ಕೂತು, ಅದನ್ನು ಕೈಯಲ್ಲಿ ತಟ್ಟಿ, "ಇವನೇ ಕಣೇ" ಎಂದರು. ಕಳ್ಳನನ್ನು ಹಿಡಿದ ಪೊಲೀಸರ ಮುಖದಲ್ಲಿ ಇರುವಂಥ ಖುಷಿ.

ಅವತ್ತು ಸಂಜೆ ನಮ್ಮ ನಡುಮನೆಯಲ್ಲಿ ಪಾಠ ನಡೆಯಿತು. ಮೇಡಂ ಒಂದು ಕೊಡ ನೀರು ತಂದು ನೆಲಕ್ಕೆ ಸುರಿದೇ ಬಿಟ್ಟರು. ಅಮ್ಮ ಅಯ್ಯೋ ಎಂದಳು. ನೀರು ಹರಿದು ಹೋಗಿ ಹೊಸ್ತಿಲಿಗೆ ತಾಗಿ ನಿಂತಿತು. ನಿಂತದ್ದು ಮೆಲ್ಲಗೆ ಏರಿ, ಹೊಸ್ತಿಲಿನ ತಗ್ಗಿದ್ದ ಒಂದು ಕಡೆಯಿಂದ ಸಣ್ಣ ಎಳೆಯಾಗಿ ಆಚೆ ಇಳಿಯತೊಡಗಿತು. "ನೋಡಿ ಯಜಮಾನ್ರೇ, ನಿಮ್ಮ ಹಳ್ಳ ಇಷ್ಟೇ. ಮಳೆ ನೀರು ಗರಸು ಮಣ್ಣಿಗೆ ಇಳಿಯುತ್ತೆ, ಅದರ ಕೆಳಗೆ ಗಟ್ಟಿ ಬಂಡೆ. ಮುಂದಕ್ಕೆ ಜರುಗ್ತಾ ಜರುಗ್ತಾ ಬಂದು ಈ ಕರಿಕಲ್ಲಿಗೆ ತಾಗುತ್ತೆ. ಮೇಲೆ ಕಾಣೋದು ಒಂದು ಗೇಣು, ನೆಲದ ಒಳಗೆ ಅದು ಗೋಡೆ ಹಂಗೆ ನಿಂತಿದೆ. ನೀರು ಅದರ ಹಿಂದೆ ತುಂಬಿ, ಮೇಲಕ್ಕೆ ಬಂದು, ಮಡುವಾಗಿ, ಹಳ್ಳ ಆಗುತ್ತೆ. ಮಳೆ ಬಂದಾಗ ಹರಿಯೋದು ಬರೀ ಮಳೆ. ಮಳೆ ನಿಂತ ಮೇಲೂ ಹರಿಯುತ್ತಲ್ಲ, ಅದೇ ಹಳ್ಳ."

ನಾಯನ ಬಗ್ಗಿ ಹೊಸ್ತಿಲಿನ ತಗ್ಗನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಅಂಗಾರೆ ನೀರು ಮೆದು ಯಾಕೈತೆ ಮೇಡಂ?" ಎಂದು ಕೇಳಿದ. ಬಣ್ಣದವನ ಪ್ರಶ್ನೆ. "ಬೋರಿನ ನೀರು ಕಲ್ಲಿನ ಜೊತೆ ಬಹಳ ಕಾಲ ಸಂಸಾರ ಮಾಡಿರುತ್ತೆ, ಅದರ ಗುಣ ಹಿಡಿದಿರುತ್ತೆ. ಹಳ್ಳದ್ದು ಮೊನ್ನೆ ಮೊನ್ನೆಯ ಮಳೆ, ಇನ್ನೂ ಹೊಸ ಮದುಮಗಳು" ಎಂದರು. ಮದುವೆಯ ಮಾತೆತ್ತಿದರೆ ಹಾರಿಸಿಬಿಡುತ್ತಿದ್ದವರು ಹೋಲಿಕೆಗೆ ಮಾತ್ರ ಸದಾ ಸಂಸಾರವನ್ನೇ ಹಿಡಿಯುತ್ತಿದ್ದರು.

ಮಾತು ಹರಿತ. ಕುದಾಪುರದ ಕಡೆ ಬಾವಿ ನೋಡಲು ಹೋದಾಗ ದನ ಮೇಯುವ ಹುಲ್ಲುಗಾವಲಿಗೆ ಸರ್ಕಾರ ಹಾಕಿಸಿದ್ದ ಉದ್ದದ ಬೇಲಿ ನೋಡಿ, "ಮೇಲೆ ಯಾರು ಬೇಕಾದರೂ ಬೇಲಿ ಹಾಕಲಿ, ಕೆಳಗೆ ಯಾವ ನೀರಿಗೂ ಇದರ ಸುದ್ದಿ ಮುಟ್ಟಿಲ್ಲ" ಎಂದಿದ್ದರು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಹೊಲದಲ್ಲಿ ನೀರು ಹುಡುಕುವವರನ್ನು ಕಚೇರಿಯ ಇತರರು ಹೀಯಾಳಿಸುತ್ತಿದ್ದರೆ ಇವರು ಮಾತ್ರ "ಅವರ ಕಾಯಿ ಕೊನೆಗೆ ಚಟ್ನಿಗಾದರೂ ಆಗುತ್ತೆ, ನನ್ನ ಮಿಷನ್ ಅದಕ್ಕೂ ಆಗಲ್ಲ" ಎನ್ನುತ್ತಿದ್ದರು.

ಆದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಮೇಡಂ ಗುರುತಿಗೆ ಇದ್ದ ಬೆಲೆ ಬೇರೆ. ಬೋರು ಕೊರೆಸುವವರು ಅರ್ಜಿ ಕೊಟ್ಟರೆ ಇವರು ಮಿಷನ್ ಹಿಡಿದು ಹೊಲ ಸುತ್ತಿ, ನೀರು ಸಿಗುವ ಕಡೆ ಸುಣ್ಣದ ಪುಡಿಯಲ್ಲಿ ಗುರುತು ಹಾಕುತ್ತಿದ್ದರು. ಚೀಲದಲ್ಲಿ ಸುತ್ತಿಗೆಯ ಪಕ್ಕ ಸುಣ್ಣದ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಸುಣ್ಣ ಬಿದ್ದಲ್ಲಿ ಜನ ಕಾಯಿ ಒಡೆದು ಕೈ ಮುಗಿಯುತ್ತಿದ್ದರು. ಲಾರಿಯವರು ಬಂದು ಸುಣ್ಣ ಎಲ್ಲಿದೆ ಎಂದು ನೋಡಿ ಕೊಳವೆ ಇಳಿಸುತ್ತಿದ್ದರು, ಅದಕ್ಕಿಂತ ಹೆಚ್ಚು ಏನೂ ಕೇಳುತ್ತಿರಲಿಲ್ಲ. ಗಡಿಯಾಚೆಯ ಆಂಧ್ರದ ಗಾಡಿಗಳಿಗೂ ಈ ಪದ್ಧತಿ ಗೊತ್ತಿತ್ತು. ಮೇಡಂ ಸುಣ್ಣ ಎಂದರೆ ಇಲ್ಲಿ ಕೊರೆ ಎಂದು ಅರ್ಥ.

ಕರಿಕಲ್ಲಿನಿಂದ ಕೆಳಕ್ಕೆ ಒಂದು ಊರಿದೆ. ಹೆಸರು ಬೇಡ, ಅವರು ಕೆಟ್ಟವರಲ್ಲ. ಕಲ್ಲಿನ ಮೇಲುಗಡೆ ನಮ್ಮ ಮಡು, ಕೆಳಗಡೆ ಅವರ ಪಾಲಿಗೆ ಒಂದು ಎಳೆ ನೀರು. ಬೇಸಿಗೆಯಲ್ಲಿ ಆ ಎಳೆಯಲ್ಲೇ ಅವರ ದನ ಕುಡಿಯಬೇಕು, ಅದರಲ್ಲೇ ಹೆಂಗಸರು ಚಿಲುಮೆ ತೋಡಿ ಕೊಡ ತುಂಬಬೇಕು. ಸತತವಾಗಿ ಮಳೆ ಕೈಕೊಟ್ಟ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಆ ಊರಿನವರು ಸೇರಿ, ಕಂಪ್ರೆಸರ್ ಟ್ರ್ಯಾಕ್ಟರ್ ತರಿಸಿ, ಕುಳಿ ಕೊರೆದು ಮದ್ದಿಟ್ಟು ಆ ಕರಿಕಲ್ಲಿನ ಬಂಡೆ ಒಡೆಸುವುದೆಂದು ನಿಶ್ಚಯಿಸಿದರು. ಸುದ್ದಿ ತಿಳಿದ ಮೇಡಂ ಕಚೇರಿಗೆ ರಜೆ ಹಾಕಿ ಓಡಿದರು. ನಾಯನ ಮತ್ತು ನಾನು ಜೊತೆಗೆ.

ಅವರ ಊರಿನ ಯಜಮಾನರು ಸಮಾಧಾನದ ಮನುಷ್ಯ. ನಮಗೆಲ್ಲ ಕಡಲೆಕಾಯಿ, ಬೆಲ್ಲ ಕೊಡಿಸಿ ಅರಳಿಕಟ್ಟೆಯ ಮೇಲೆ ಕೂರಿಸಿದರು.

"ನೋಡ್ರಿ ಮೇಡಂ, ಮ್ಯಾಲ್ಗಡೆ ನೀರೈತೆ, ಕೆಳಗಡೆ ಇಲ್ಲ. ನಡುವೆ ಬಂಡೆ ಐತೆ. ಅಡ್ಡ ಯಾವ್ದು ಅಂತ ಎಮ್ಮೆ ಕಾಯೋನಿಗೂ ತಿಳೀತೈತೆ" ಎಂದರು.

"ಅಡ್ಡ ಅಲ್ಲ ಯಜಮಾನ್ರೇ, ಅದು ನಿಮ್ಮ ಕಣಜದ ಗೋಡೆ. ಕಾಳು ಬೇಗ ಬರಲಿ ಅಂತ ಕಣಜದ ಗೋಡೆ ಒಡೀತೀರಾ? ಒಂದು ದಿನ ಮನೆ ತುಂಬಾ ಕಾಳು. ಆಮೇಲೆ?"

"ಕಣಜ ನಂ ಕಣ್ಣಿಗೆ ಕಾಣ್ತೈತ್ರಿ. ನೀವು ಹೇಳೋ ಗೋಡೆ ಕಾಣಂಗಿಲ್ಲ."

"ನಾನು ತೋರಿಸ್ತೀನಿ" ಎಂದರು ಮೇಡಂ. "ದಮ್ಮಯ್ಯ ಅಂತೀನಿ, ಸ್ವಲ್ಪ ತಡೀರಿ. ನಮ್ಮ ಇಂಜಿನಿಯರನ್ನ ಕರ್ಕೊಂಡು ಬರ್ತೀನಿ. ಕಲ್ಲು ಮುಟ್ಟದೇನೇ ನಿಮ್ಮ ಊರಿಗೆ ಪೈಪಲ್ಲಿ ನೀರು ಇಳಿಸೋ ದಾರಿ ಇದೆ."

ಅಷ್ಟು ದೊಡ್ಡ ಅಧಿಕಾರಿ ದಮ್ಮಯ್ಯ ಎಂದದ್ದಕ್ಕೆ ಆ ಕಟ್ಟೆಯ ಮೇಲೆ ಕೂತಿದ್ದವರಿಗೆ ಮುಜುಗರವಾಯಿತು. ಯಜಮಾನರು ಒಪ್ಪಿದರು. "ಆತು ಬಿಡ್ರಿ. ಆ ಕಲ್ಲು ಮುಟ್ಟಾಕಿಲ್ಲ. ಎಲ್ಲಿಂದ ಎಲ್ಲೀಗಂಟ ಬಿಡಬೇಕು ಅಂತ ಗುರುತು ಹಾಕ್ಕೊಡ್ರಿ. ಗಾಡಿಗೆ ಹೇಳಿಬಿಟ್ಟೀವಿ, ಅದು ಬಂದ್ರೆ ಕೆಳಗಡೆ ಬಿದ್ದಿರೋ ಗುಂಡುಗಳ್ನ ಮಾತ್ರ ತೆಗೆಸ್ತೀವಿ" ಎಂದರು. ಮಾತು ಅಂದರೆ ಮಾತು. ಅವರು ಮೋಸ ಮಾಡಿದರು ಎಂದು ಇವತ್ತಿಗೂ ನಾನು ಹೇಳುವುದಿಲ್ಲ.

ಮೇಡಂ ಆ ದಿನವೇ ಗುರುತು ಹಾಕಿದರು. ಒಂದು ದಡದಿಂದ ಶುರುಮಾಡಿ, ಹಳ್ಳದ ಮಧ್ಯೆ ಹಾಯ್ದು, ಆಚೆ ದಡದಲ್ಲಿ ಕಲ್ಲು ಮಣ್ಣಿನಡಿ ಮುಳುಗುವವರೆಗೂ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತ, ನಗುನಗುತ್ತ, "ರಂಗೋಲಿ ಬರಲ್ಲ ಅಂತ ನಮ್ಮಮ್ಮ ಬೈತಿದ್ದಳು, ಈಗ ನೋಡಿದ್ದರೆ" ಎನ್ನುತ್ತ ಗೆರೆ ಎಳೆದರು. ಅವರ ಕೈ ತಾನಾಗಿಯೇ ಚೀಲಕ್ಕೆ ಹೋಗಿ ತೆಗೆದದ್ದು ಏನನ್ನು? ಸುಣ್ಣವನ್ನು. ಸರ್ವೀಸಿನುದ್ದಕ್ಕೂ ಗುರುತು ಎಂದರೆ ಆ ಕೈಗೆ ಸುಣ್ಣ. ಕರಿಕಲ್ಲಿನ ಮೇಲೆ ಬಿಳಿ ಗೆರೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ನಾಯನ ದೂರ ನಿಂತು ಪೂಜೆಗೆ ಸಿದ್ಧ ಮಾಡಿದ ಹಾಗಿದೆ ಎಂದ. ಅದರಲ್ಲಿ ಏನು ತಪ್ಪಿದೆ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೇಡಂ ಇಂಜಿನಿಯರನ್ನು ಕರೆತರಲು ಚಳ್ಳಕೆರೆಗೆ ಹೋದರು. ನಾನೂ ನಾಯನನೂ ಮಡುವಿನಲ್ಲಿ ರೇಷ್ಮೆ ಜಾಲಿಸುತ್ತಿದ್ದೆವು. ಕುಂಕುಮದ ಬಣ್ಣದ ನೂಲಿನ ಲಡಿಗಳು, ಮದುವೆ ಸೀರೆಗೆಂದು ಹಾಕಿದ್ದು. ತಿರುವಿನಾಚೆಯ ಕರಿಕಲ್ಲು ನಮಗೆ ಅಲ್ಲಿಂದ ಕಾಣುತ್ತಿರಲಿಲ್ಲ. ಕೆಳಗಡೆಯಿಂದ ಗುಡ್ ಗುಡ್ ಎಂದು ಸದ್ದು ಬರುತ್ತಿತ್ತು. ಗುಂಡು ತೆಗೆಯುತ್ತಿದ್ದಾರೆ ಎಂದುಕೊಂಡೆವು. ಮಧ್ಯಾಹ್ನದ ಹೊತ್ತಿಗೆ ನೆಲ ಅದುರುವಂಥ ಸದ್ದು, ಒಂದರ ಹಿಂದೆ ಒಂದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ನಾನು ನೀರಿನಲ್ಲಿ ಬಿಟ್ಟಿದ್ದ ಲಡಿಯನ್ನು ನೋಡುತ್ತಿದ್ದೆ. ಹೂವಿನ ಹಾಗೆ ಬಿಡಿಸಿಕೊಂಡು ತೇಲುತ್ತಿದ್ದದ್ದು ಕೆಳಮುಖವಾಗಿ ಎಳೆದುಕೊಂಡಿತು. ನನ್ನ ಮೊಣಕಾಲವರೆಗೆ ಇದ್ದ ನೀರು ಮೀನಖಂಡಕ್ಕೆ ಇಳಿದಿತ್ತು. ಕಲ್ಲಿನ ಮೇಲೆ ಒದ್ದೆಯ ಗೆರೆ ಬಿಟ್ಟು ನೀರು ಇಳಿಯುತ್ತಲೇ ಇತ್ತು. "ನಾಯನಾ" ಎಂದೆ. ನಾಯನ ಆಗಲೇ ಓಡುತ್ತಿದ್ದ.

ಹೋಗಿ ನೋಡಿದರೆ ಕರಿಕಲ್ಲು ನಡುವೆ ಸೀಳಿತ್ತು. ಎರಡಾಳು ಆಳದ ಕಂದಕ. ಅದರಲ್ಲಿ ನೀರು ಅಬ್ಬರಿಸಿ ನುಗ್ಗುತ್ತಿತ್ತು. ಆ ಊರಿನವರೆಲ್ಲ ಕೆಳಗೆ ನೆರೆದಿದ್ದರು. ಡೊಳ್ಳು ಬಂದಿತ್ತು. ಮಕ್ಕಳು ಅಂಗಿ ಕಳಚಿ ನೀರಿಗೆ ಹಾರುತ್ತಿದ್ದರು. ಯಜಮಾನರು ಸುದ್ದಿ ಕೇಳಿ ಹೊಲದಿಂದ ಆಗಷ್ಟೇ ಬಂದವರು, ಕಣ್ಣು ಕಣ್ಣು ಬಿಡುತ್ತ ನಿಂತಿದ್ದರು. ನಾನು ಮೇಡಮ್ಮಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ.

ಅವರು ಇಂಜಿನಿಯರ್ ಜೀಪಿನಲ್ಲಿ ಬಂದಿಳಿದರು. ಕಂಪ್ರೆಸರ್ ಗಾಡಿಯ ಮೇಸ್ತ್ರಿ ಗಡಿಯಾಚೆಯವನು. ಅವನಿಗೆ ಯಜಮಾನರ ಕರಾರು ಗೊತ್ತಿಲ್ಲ. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದ, ಸುಣ್ಣ ಕಂಡಿದ್ದ, ಕೆಲಸ ಶುರು ಮಾಡಿದ್ದ. ಅಲ್ಲಿದ್ದ ಊರಿನ ಹುಡುಗರು, ಮೇಡಂ ಗುರುತು ಇದೆಯಲ್ಲ, ಅವರೇ ಒಪ್ಪಿರಬೇಕು ಎಂದುಕೊಂಡು ಸುಮ್ಮನಿದ್ದರು. ಮೇಸ್ತ್ರಿ ಮೇಡಮ್ಮನ್ನು ಕಂಡು ತಲೆಯ ಟವೆಲ್ ಬಿಚ್ಚಿ, ಕೈ ಮುಗಿದು, ಮುಖವರಳಿಸಿ ಹೇಳಿದ:

"ಮೀರು ಗೀಸಿನ ಗೀತ ಮೀದನೇ ಕೊಟ್ಟಾಮು ಮೇಡಂ. ಒಕ್ಕ ಅಂಗುಳಂ ಕೂಡಾ ತಪ್ಪಲೇದು."

ನೀವು ಎಳೆದ ಗೆರೆಯ ಮೇಲೇ ಹೊಡೆದಿದ್ದೇವೆ, ಒಂದಂಗುಲವೂ ತಪ್ಪಿಲ್ಲ ಎಂದು. ಮೇಡಮ್ಮಿಗೆ ತೆಲುಗು ಬರುತ್ತಿರಲಿಲ್ಲ. ನನ್ನ ಕಡೆ ತಿರುಗಿ ಏನಂತೆ ಎಂದು ಕೇಳಿದರು. ನಾನೇ ಹೇಳಬೇಕಾಯಿತು.

ಅಷ್ಟರಲ್ಲಿ ಆ ಊರಿನ ಹೆಂಗಸರು ಸೇವಂತಿಗೆ ಹಾರ ತಂದು ಅವರ ಕೊರಳಿಗೆ ಹಾಕಿದರು. "ನಮ್ಮವ್ವ, ನೀನು ಸುಣ್ಣ ಇಟ್ಟಿದ್ದಕ್ಕೆ ಗಂಗೆ ಬಂದ್ಲು" ಎಂದು ಒಬ್ಬ ಮುದುಕಿ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮೇಡಂ ಹಾರ ಹಾಕಿಕೊಂಡೇ ನೀರಿಗೆ ಇಳಿದು ಕಂದಕದ ಬಾಯಿಯ ಹತ್ತಿರ ನಿಂತರು, ಶೂ ಕೂಡ ಬಿಚ್ಚಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಡೊಳ್ಳಿನ ಸದ್ದಿನಲ್ಲಿ ಅವರ ಮಾತು ಕೇಳಲು ಬಗ್ಗಬೇಕಾಯಿತು. "ಇದು ಬರ್ತಿರೋ ನೀರಲ್ಲ ಕಣೇ. ಹೋಗ್ತಿರೋ ನೀರು" ಎಂದರು.

ಆಮೇಲಿನದು ಬರೀ ಓಡಾಟ. ಕಂದಕ ಮುಚ್ಚಿಸಿ ಎಂದು ಮೇಡಂ ಹತ್ತದ ಕಚೇರಿಯ ಮೆಟ್ಟಿಲಿಲ್ಲ. ಹೋದಲ್ಲೆಲ್ಲ ಒಂದೇ ಉತ್ತರ: ನೀರು ಭರ್ತಿ ಹರಿಯುತ್ತಿದೆಯಲ್ಲ ಮೇಡಂ, ಜನ ಸಂತೋಷವಾಗಿದ್ದಾರಲ್ಲ, ಮುಚ್ಚಿಸುವುದು ಯಾಕೆ? ಕೊನೆಗೆ ನಾವು ಬಣ್ಣದ ಮನೆಯವರೇ ಹೊರಟೆವು. ಗೋಣಿಚೀಲಕ್ಕೆ ಜೇಡಿಮಣ್ಣು ತುಂಬಿ, ಮೇಡಂ ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಹೊತ್ತು, ಕಂದಕಕ್ಕೆ ಹಾಕಿದೆವು. ಬೆಳಗಾಗುವುದರೊಳಗೆ ಆ ಊರಿನವರು ಕಿತ್ತೆಸೆದಿದ್ದರು. ಮತ್ತೆ ಹಾಕಿದೆವು. ಮತ್ತೆ ಕಿತ್ತರು. ಮೂರನೆಯ ಸಲ ಎರಡೂ ಕಡೆಯವರು ಸನಿಕೆ ಹಿಡಿದು ಎದುರೆದುರು ನಿಂತೆವು.

"ಕಣ್ಣಾರೆ ಹರಿಯೋ ನೀರಿಗೆ ಮಣ್ಣು ಹಾಕ್ತೀರಲ್ರೀ, ನಿಮ್ಗೇನು ಬುದ್ಧಿ ಕೆಟ್ಟೈತಾ?" ಎಂದು ಒಬ್ಬ ಕೂಗಿದ. "ಹಾರ ಹಾಕಿಸ್ಕೊಂಡು ಈಗ ಉಲ್ಟಾ ಹೊಡೀತಾರೆ ನೋಡ್ಲೇ" ಎಂದ ಇನ್ನೊಬ್ಬ.

ಮೇಡಂ ನಡುವೆ ಹೋಗಿ ನೀರಿನಲ್ಲೇ ಕೂತುಬಿಟ್ಟರು. ಎರಡು ಕೈಯಿಂದ ಮಣ್ಣಿನ ಚೀಲ ತಬ್ಬಿಕೊಂಡು, "ಬೈಕೊಳ್ಳಿ, ಹೊಡೀರಿ, ಏನಾದರೂ ಮಾಡಿ. ಇದೊಂದು ಮುಚ್ಚೋಕೆ ಬಿಡಿ. ತಪ್ಪು ನನ್ನದು, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತರು. ಗಂಡಸರು ತಲೆ ತಗ್ಗಿಸಿದರು. ಆದರೆ ಚೀಲ ಹಾಕಲು ಬಿಡಲಿಲ್ಲ. ಯಾಕೆ ಬಿಡುತ್ತಾರೆ? ಹುಟ್ಟಿದಾಗಿನಿಂದ ಎಳೆ ನೀರು ಕಂಡವರು ಮೊದಲ ಸಲ ಹೊಳೆ ಕಂಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ನೀರು ಸಂಕ್ರಾಂತಿಯವರೆಗೆ ಹರಿಯಿತು. ದಿನದಿನಕ್ಕೂ ಸಣ್ಣಗಾಗಿ, ಎಳೆಯಾಗಿ, ಒಂದು ಬೆಳಿಗ್ಗೆ ಎಳೆಯೂ ಇರಲಿಲ್ಲ. ನಮ್ಮ ಮಡುವಿನಲ್ಲಿ ಮರಳು. ಅವರ ಊರಿನ ಚಿಲುಮೆಯಲ್ಲಿ ಮರಳು. ಯಜಮಾನರು ನಮ್ಮ ಮನೆಗೆ ಬಂದು, ಒಳಗೆ ಕರೆದರೂ ಬರದೆ, ಬಾಗಿಲಲ್ಲೇ ನಿಂತು, "ಮೇಡಂ, ಈಗ ಮುಚ್ಚಿಕೊಡ್ರಿ" ಎಂದರು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆ ಬೇಸಿಗೆಯಲ್ಲಿ ಎರಡೂ ಕಡೆಯವರು ಸೇರಿ ಮುಚ್ಚಿದೆವು. ಮಳೆಗಾಲ ಬಂತು, ಹಳ್ಳ ಬಂತು, ಮಳೆ ನಿಂತಿತು, ಹಳ್ಳವೂ ನಿಂತಿತು. ಮದ್ದಿನ ಹೊಡೆತಕ್ಕೆ ಕಲ್ಲು ಎಲ್ಲೋ ಆಳದಲ್ಲಿ ಬಿರಿದಿತ್ತು. "ಮೇಲಿನ ಗಾಯಕ್ಕೆ ತೇಪೆ ಹಾಕಿದ್ದೀವಿ. ಒಳಗಿನ ಬಿರುಕಿಗೆ ಕೈ ಎಲ್ಲಿಂದ ತರಲಿ?" ಎಂದರು ಮೇಡಂ.

ನಾಯನ ಬಣ್ಣದ ಒಲೆ ಆರಿಸಿದ. ಟ್ಯಾಂಕರ್ ನೀರಿನಲ್ಲಿ ಸ್ವಲ್ಪ ದಿನ ನೋಡಿದ. ಕಲೆ ಬಿದ್ದ ಲಡಿಗಳು ವಾಪಸು ಬಂದವು. ಈಗ ನಮ್ಮ ಬೀದಿಯ ಮಗ್ಗಗಳಿಗೆ ಬಣ್ಣ ಹಾಕಿದ ರೇಷ್ಮೆ ಗಡಿಯಾಚೆಯಿಂದ ಬರುತ್ತದೆ. ನಾನು ಚಳ್ಳಕೆರೆಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದೆ. ಮೇಡಮ್ಮಿನ ಜೊತೆ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವರು ನೀರಿನ ರುಚಿ ನೋಡುವುದನ್ನು ಬಿಟ್ಟಿದ್ದರು. ಕೊಟ್ಟರೆ ಗಟಗಟ ಕುಡಿದು ಲೋಟ ಇಡುತ್ತಿದ್ದರು. ಬೋರು ಪಾಯಿಂಟ್ ಕೇಳಲು ಬಂದವರಿಗೆ ಬೇರೆಯವರನ್ನು ತೋರಿಸುತ್ತಿದ್ದರು.

ನಾಯನ ಒಂದು ದಿನ ಸಮಾಧಾನ ಹೇಳಲು ಹೋದ. "ತಪ್ಪು ನಿಮ್ದಲ್ಲ ಮೇಡಂ. ಆ ಗಾಡಿಯೋನು ಒಂದ್ಮಾತು ಕೇಳ್ಬೋದಿತ್ತು."

"ಯಾಕೆ ಕೇಳಬೇಕು? ಅವನು ನನ್ನ ಗೆರೆ ನಂಬಿದ. ಜನ ನನ್ನ ಗೆರೆ ನಂಬಲಿ ಅಂತಲೇ ಅಲ್ವಾ ನಾನು ಇಷ್ಟು ವರ್ಷ ಬಿಸಿಲಲ್ಲಿ ಸುತ್ತಿದ್ದು?" ಎಂದರು.

ನೀರು ನುಗ್ಗಿದ ದಿನ ಆ ಊರಿನವರು ಪ್ರೀತಿಯಿಂದ ಆ ಕಂದಕಕ್ಕೆ ಒಂದು ಹೆಸರಿಟ್ಟಿದ್ದರು: ಮೇಡಂ ಗಂಡಿ. ನಮ್ಮ ಕಡೆ ಕೆರೆ ಏರಿ ಕಿತ್ತುಹೋದರೆ ಗಂಡಿ ಬಿತ್ತು ಎನ್ನುತ್ತಾರೆ, ತೆಲುಗಿನಲ್ಲೂ ಅದೇ ಮಾತು. ನೀರು ಹೋದರೂ ಹೆಸರು ಹೋಗಲಿಲ್ಲ. ಸೇತುವೆಯ ಹತ್ತಿರ ಕೊಂಡ್ಲಹಳ್ಳಿ ಕಡೆಯ ಖಾಸಗಿ ಬಸ್ಸುಗಳು ನಿಲ್ಲತೊಡಗಿದ ಮೇಲೆ ಅದು ಸ್ಟಾಪಿನ ಹೆಸರಾಯಿತು. ನಿವೃತ್ತಿಯಾಗಿ ಊರು ಬಿಡುವ ದಿನ ಮೇಡಮ್ಮನ್ನು ಕಳಿಸಲು ಚಳ್ಳಕೆರೆಯವರೆಗೂ ನಾನು ಜೊತೆಗೆ ಹೊರಟೆ. ಸೇತುವೆ ಬಂದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು "ಮೇಡಂ ಗಂಡಿ, ಮೇಡಂ ಗಂಡಿ, ಯಾರ್ರೀ ಇಳಿಯೋರು" ಎಂದು ಕೂಗಿದ. ನಾನು ಅವರ ಮುಖ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಅವರೇ ನನ್ನ ಕೈ ಮೇಲೆ ಕೈ ಇಟ್ಟು, "ಹೆಸರು ಸರಿಯಾಗೇ ಇಟ್ಟಿದ್ದಾರೆ ಕಣೇ" ಎಂದರು.

ತಂಗಿಯ ಫೋನ್ ಬಂದ ಮಾರನೆಯ ದಿನ ನಾನು ಎಂದಿನಂತೆ ಕೆಲಸಕ್ಕೆ ಹೊರಟಿದ್ದೆ. ಈಗಿನ ಕಂಡಕ್ಟರ್ ಹೊಸಬ. ಸೇತುವೆ ಬಂತು, ಅವನೂ ಕೂಗಿದ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅದ್ಯಾವ ಮೇಡಂ ಲೇ?" ಎಂದು ಅವನನ್ನು ಕೇಳಿದಳು. "ಯಾರೋ ಒಬ್ಬ ಮೇಡಂ ಇದ್ರಂತೆ, ಈ ಬಂಡೆ ಒಡೆಸಿದ್ರಂತೆ" ಎಂದ. ನನಗೆ ಎಲ್ಲಿತ್ತೋ ರೋಷ, ಎದ್ದು ನಿಂತೆ. ಅವರು ಒಡೆಸಲಿಲ್ಲ, ಉಳಿಸಲು ಒದ್ದಾಡಿದರು, ಇನ್ನು ಮೇಲೆ ಆ ಹೆಸರು ಕೂಗಬೇಡ ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ. ಅವನು ಹೆದರಿಕೊಂಡ. ಒಳ್ಳೆಯ ಹುಡುಗ, ಎದುರಾಡಲಿಲ್ಲ.

"ಆತು ಬಿಡಕ್ಕ. ಹಂಗಾರೆ ಏನಂತ ಕೂಗ್ಲಿ, ನೀನೇ ಹೇಳು" ಎಂದ.

"ಹಳ್ಳ ಅಂತ ಕೂಗು" ಎಂದೆ.

ಅವನು ಬಾಗಿಲಿನ ಕಂಬಿ ಹಿಡಿದು, ಹೊರಗೆ ಬಗ್ಗಿ, ಸೇತುವೆಯ ಈ ಕಡೆ ಆ ಕಡೆ ಎರಡೂ ಕಡೆ ನೋಡಿದ. ತಮಾಷೆಗಲ್ಲ, ನಿಜವಾಗಿಯೂ ಹುಡುಕಿದ.

"ಇಲ್ಲಿ ಯಾವ ಹಳ್ಳ ಐತೆ ಅಕ್ಕಾ?" ಎಂದ.